ಹಳೆಯ ಲಾರಿಯ ಹೊಗೆ: ದಂಡಕ್ಕಿಂತ ಮೊದಲು ನಿದಾನ ಬೇಕು

ಘಟ್ಟದ ರಸ್ತೆಯಲ್ಲಿ ಹೊಗೆ ಉಗುಳುತ್ತ ಏರುವ ಹಳೆಯ ಲಾರಿಯ ಕುರಿತು ಮಲೆನಾಡಿನಲ್ಲಿ ಎರಡು ಮಾತುಗಳು ಬಹುಕಾಲದಿಂದ ಕೇಳಿಬರುತ್ತಿವೆ. 'ಇಂಥ ಗಾಡಿಗಳನ್ನೆಲ್ಲ ಗುಜರಿಗೆ ಹಾಕಬೇಕು' ಎಂಬುದು ಮೊದಲನೆಯದು. 'ಹಳೆಯ ಗಾಡಿಯೆಂದ ಮೇಲೆ ಹೊಗೆ ಬಂದೇ ಬರುತ್ತದೆ, ಬಡವರ ಹೊಟ್ಟೆಯ ಮೇಲೆ ಹೊಡೆಯಬಾರದು' ಎಂಬುದು ಎರಡನೆಯದು. ಒಂದರಲ್ಲಿ ಪರಿಸರದ ಕಾಳಜಿಯಿದೆ, ಇನ್ನೊಂದರಲ್ಲಿ ಬದುಕಿನ ಕಾಳಜಿಯಿದೆ. ಆದರೆ ಎರಡೂ ಒಂದೇ ತಪ್ಪು ತಿಳಿವಳಿಕೆಯ ಮೇಲೆ ನಿಂತಿವೆ. ಹೊಗೆಯು ವಯಸ್ಸಿನ ಫಲ, ಅದಕ್ಕೆ ಮದ್ದಿಲ್ಲ ಎಂಬುದೇ ಆ ತಿಳಿವಳಿಕೆ.

ಅಡಿಕೆಯ ಸೋಗೆ ಹಳದಿಯಾದರೆ ಅನುಭವಿ ಕೃಷಿಕರು ಮರ ಕಡಿಯಲು ಹೊರಡುವುದಿಲ್ಲ. ಬುಡದಲ್ಲಿ ನೀರು ನಿಂತಿದೆಯೇ, ಬೇರು ಕೊಳೆತಿದೆಯೇ, ಪೋಷಕಾಂಶದ ಕೊರತೆಯೇ ಎಂದು ಒಂದೊಂದಾಗಿ ನೋಡುತ್ತಾರೆ. ಲಾರಿಯ ಹೊಗೆಯೂ ಇಂಥದೇ ಒಂದು ಲಕ್ಷಣ. ಅದರ ಬಣ್ಣ, ವಾಸನೆ, ಅದು ಕಾಣಿಸಿಕೊಳ್ಳುವ ಹೊತ್ತು, ಇವು ಎಂಜಿನ್ನಿನ ಒಳಗಿನ ಸ್ಥಿತಿಯನ್ನು ಬಹುಮಟ್ಟಿಗೆ ಹೇಳಿಬಿಡುತ್ತವೆ. ಇದನ್ನು ಓದುವ ತಿಳಿವಳಿಕೆ ಗ್ಯಾರೇಜಿನ ನಾಲ್ಕು ಗೋಡೆಗಳ ಒಳಗೆ ಉಳಿಯದೆ ಹಳ್ಳಿಗರಿಗೂ ವಿದ್ಯಾರ್ಥಿಗಳಿಗೂ ದಕ್ಕಿದರೆ, ಹೊಗೆಯ ವಿರುದ್ಧದ ಹೋರಾಟಕ್ಕೆ ಘೋಷಣೆಗಿಂತ ಗಟ್ಟಿಯಾದ ಆಧಾರ ಸಿಗುತ್ತದೆ.

ಅವಳಿ ನಗರದಿಂದ ಘಟ್ಟದವರೆಗೆ

ಹುಬ್ಬಳ್ಳಿ-ಧಾರವಾಡವು ಉತ್ತರ ಕರ್ನಾಟಕದ ಸರಕು ಸಾಗಣೆಯ ನಾಭಿ. ಪುಣೆ-ಬೆಂಗಳೂರು ಹೆದ್ದಾರಿ (ಈಗಿನ 48), ಗದಗ-ಬಳ್ಳಾರಿಯ ಕಡೆಯ ಹೆದ್ದಾರಿ (67), ಕಲಘಟಗಿ-ಯಲ್ಲಾಪುರದ ಮೇಲೆ ಅಂಕೋಲೆಗೆ ಇಳಿಯುವ ಹೆದ್ದಾರಿ (52) ಇಲ್ಲಿ ಕೂಡುತ್ತವೆ. ಅಮರಗೋಳದ ಕೃಷಿ ಮಾರುಕಟ್ಟೆಗೆ ಮೆಣಸಿನಕಾಯಿ, ಹತ್ತಿ, ಈರುಳ್ಳಿ ತರುವ ಲಾರಿಗಳೂ, ಬಂದರುಗಳ ಕಡೆಗೆ ಹೋಗುವ ಲಾರಿಗಳೂ ಇದೇ ರಸ್ತೆಗಳ ಮೇಲೆ ಓಡುತ್ತವೆ. ಹೊಸತಾಗಿದ್ದಾಗ ದೂರದ ಊರುಗಳಿಗೆ ಓಡಿದ ಗಾಡಿಯು ಕೈಯಿಂದ ಕೈಗೆ ಮಾರಾಟವಾಗುತ್ತ ಕೊನೆಯ ವರ್ಷಗಳನ್ನು ಸಮೀಪದ ಸಾಗಣೆಯಲ್ಲಿ ಕಳೆಯುತ್ತದೆ. ಕಲ್ಲು, ಜಲ್ಲಿ, ಹುಲ್ಲು, ಗೊಬ್ಬರ, ಕಟ್ಟಿಗೆ ಹೊತ್ತು ಏರುರಸ್ತೆಗಳಲ್ಲಿ ದುಡಿಯುವುದು ಹೆಚ್ಚಾಗಿ ಇಂಥ ಗಾಡಿಯೇ. ಎಂಜಿನ್ ದುರ್ಬಲವಾದ ಕಾಲಕ್ಕೇ ಕಠಿಣವಾದ ಕೆಲಸ ಅದರ ಪಾಲಿಗೆ ಬರುತ್ತದೆ.

2000ದ ದಶಕದಲ್ಲಿ ಸಂಡೂರು-ಹೊಸಪೇಟೆಯ ಅದಿರು ಹೊತ್ತ ಲಾರಿಗಳು ಹುಬ್ಬಳ್ಳಿಯನ್ನು ಹಾದು ಅರಬೈಲು ಘಟ್ಟ ಇಳಿದು ಬೇಲೆಕೇರಿ, ಕಾರವಾರಗಳಿಗೆ ಸಾಲುಗಟ್ಟಿದ ದಿನಗಳನ್ನು ಆ ರಸ್ತೆಯ ಇಕ್ಕೆಲದ ಜನ ಮರೆತಿಲ್ಲ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ತಡೆಯಿತು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆ ಸಾಲು ಕರಗಿತು. ಆದರೆ ಹೆಚ್ಚು ಹೊರೆ, ಹೆಚ್ಚು ಟ್ರಿಪ್, ಕಡಿಮೆ ದುರಸ್ತಿ ಎಂಬ ಅಂದಿನ ಲೆಕ್ಕಾಚಾರ ಸಾಗಣೆಯ ಜಗತ್ತಿನಿಂದ ಅಳಿಯಲಿಲ್ಲ.

2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿದಾಗ, ಗಾಳಿಯ ಗುಣಮಟ್ಟ ಕಾಯ್ದುಕೊಳ್ಳದ ಕರ್ನಾಟಕದ ನಾಲ್ಕು ನಗರಗಳಲ್ಲಿ ಬೆಂಗಳೂರು, ದಾವಣಗೆರೆ, ಕಲಬುರಗಿಗಳ ಜೊತೆಗೆ ಹುಬ್ಬಳ್ಳಿ-ಧಾರವಾಡವೂ ಸೇರಿತು. ರಸ್ತೆಯ ಧೂಳು, ಕಟ್ಟಡ ಕಾಮಗಾರಿ, ಕಸ ಸುಡುವುದು ಇವೆಲ್ಲವೂ ಕಾರಣಗಳೇ. ವಾಹನದ ಹೊಗೆ ಅವುಗಳಲ್ಲೊಂದು. ಆದರೆ ಧೂಳಿನ ಕಣಕ್ಕಿಂತ ಡೀಸೆಲ್ ಮಸಿಯ ಕಣ ಬಹಳ ಸಣ್ಣದು, ಶ್ವಾಸಕೋಶದ ಆಳಕ್ಕೆ ಇಳಿಯುವಂಥದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರ ಜೂನ್‌ನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಚಳಿಗಾಲದ ಬೆಳಗುಗಳಲ್ಲಿ ತಂಪು ಗಾಳಿ ಕಣಿವೆಯ ತಳದಲ್ಲಿ ಕಟ್ಟಿಕೊಳ್ಳುವುದರಿಂದ ಘಟ್ಟದ ತಿರುವಿನಲ್ಲಿ ಬಿಟ್ಟ ಹೊಗೆ ಬೇಗನೆ ಚದುರುವುದಿಲ್ಲ. ಅದನ್ನು ಮೊದಲು ಉಸಿರಾಡುವವರು ಚಾಲಕರು, ಕ್ಲೀನರುಗಳು, ಗ್ಯಾರೇಜಿನ ಹುಡುಗರು, ರಸ್ತೆಯಂಚಿನಲ್ಲಿ ಬಸ್ಸು ಕಾಯುವ ಶಾಲಾ ಮಕ್ಕಳು.

ಎಂಜಿನ್ನಿನ ಉಸಿರಾಟ

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಪಿಸ್ಟನ್ ಗಾಳಿಯನ್ನು ಸುಮಾರು 16ರಿಂದ 18 ಪಟ್ಟು ಒತ್ತುತ್ತದೆ. ಒತ್ತಿದ ಗಾಳಿ 500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ. ಆ ಕಾದ ಗಾಳಿಗೆ ನಾಜಲ್ ಡೀಸೆಲ್ಲನ್ನು ಮಂಜಿನಂಥ ತುಂತುರಾಗಿ ಚಿಮ್ಮಿಸಿದಾಗ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಸಾಕಷ್ಟು ಗಾಳಿ, ಸಾಕಷ್ಟು ಒತ್ತಡ, ಸರಿಯಾದ ತುಂತುರು, ಸರಿಯಾದ ಕ್ಷಣ, ಇವು ನಾಲ್ಕೂ ಕೂಡಿದರೆ ದಹನ ಪೂರ್ಣವಾಗುತ್ತದೆ. ಒಂದು ತಪ್ಪಿದರೂ ಹೊಗೆ ಕಾಣಿಸುತ್ತದೆ.

ಒಂದು ಲೀಟರ್ ಡೀಸೆಲ್ ಪೂರ್ತಿಯಾಗಿ ಉರಿಯಲು ಸುಮಾರು 12 ಕಿಲೋ ಗಾಳಿ ಬೇಕು. ಅದು 10 ಘನ ಮೀಟರ್‌ಗಳಷ್ಟಾಗುತ್ತದೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ಕೋಣೆಯ ಗಾಳಿಯೆಲ್ಲ ಮೂರು ಲೀಟರ್ ಡೀಸೆಲ್ಲಿಗೆ ಮುಗಿದುಹೋಗುತ್ತದೆ. ಅಷ್ಟು ಗಾಳಿಯನ್ನು ಜಲ್ಲಿ ಕ್ವಾರಿಯ ಧೂಳಿನಲ್ಲಿ, ಕೆಮ್ಮಣ್ಣಿನ ರಸ್ತೆಯಲ್ಲಿ ಲಾರಿ ಸೋಸಿ ಕುಡಿಯಬೇಕು. ಇದರ ಮೇಲೆ ಹುಬ್ಬಳ್ಳಿಯು ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿ ಅಂಕೋಲೆಯ ಕಡಲದಂಡೆಗಿಂತ ನೂರಕ್ಕೆ ಸುಮಾರು 6ರಷ್ಟು ತೆಳು. ಟರ್ಬೊ ಇಲ್ಲದ ಹಳೆಯ ಎಂಜಿನ್‌ಗೆ ಈ ಸಣ್ಣ ಕೊರತೆಯೂ ಲೆಕ್ಕಕ್ಕೆ ಬರುತ್ತದೆ.

ಕಪ್ಪು ಹೊಗೆ

ಕಪ್ಪು ಹೊಗೆಯೆಂದರೆ ಅರೆಬೆಂದ ಡೀಸೆಲ್ಲಿನ ಮಸಿ. ಗಾಳಿ ಕಡಿಮೆಯಾಗಿದೆ ಅಥವಾ ಡೀಸೆಲ್ ಹೆಚ್ಚಾಗಿದೆ ಎಂಬುದೇ ಅದರ ಅರ್ಥ. ನಿದಾನವನ್ನು ಅಗ್ಗದ ಕಡೆಯಿಂದ ಆರಂಭಿಸಿ ದುಬಾರಿಯ ಕಡೆಗೆ ಸಾಗುವುದು ವಿವೇಕ. ಅನೇಕ ಕಡೆ ನಡೆಯುವುದು ಇದರ ತಿರುವುಮುರುವು. ಹೊಗೆ ಕಂಡೊಡನೆ ಎಂಜಿನ್ ಇಳಿಸುವ ಮಾತು ಹೊರಡುತ್ತದೆ, ಮಾಲೀಕ ಹೆದರಿ ದುರಸ್ತಿಯನ್ನೇ ಮುಂದೂಡುತ್ತಾನೆ.

ಮೊದಲು ನೋಡಬೇಕಾದದ್ದು ಹೊರೆ. ಖಾಲಿ ಇದ್ದಾಗ ಹೊಗೆಯಿಲ್ಲದೆ ಏರಿನಲ್ಲಿ ಮಾತ್ರ ಕಪ್ಪಾಗುವ ಲಾರಿಯು ತನ್ನ ಶಕ್ತಿ ಮೀರಿ ಹೊರುತ್ತಿರಬಹುದು, ಇಲ್ಲವೇ ಚಾಲಕ ಗೇರ್ ಇಳಿಸದೆ ಎಂಜಿನ್ನನ್ನು ಉಸಿರುಗಟ್ಟಿಸುತ್ತಿರಬಹುದು. ಬ್ರೇಕ್ ಹಿಡಿದುಕೊಂಡೇ ಇದ್ದು ಚಕ್ರ ಬಿಗಿಯಾಗಿದ್ದರೂ ಹೀಗೆಯೇ ಆಗುತ್ತದೆ.

ಎರಡನೆಯದು ಏರ್ ಫಿಲ್ಟರ್. ಧೂಳು ಕಟ್ಟಿದ ಫಿಲ್ಟರ್ ಮೂಗು ಮುಚ್ಚಿ ಬೆಟ್ಟ ಹತ್ತಿಸಿದಂತೆ. ಎಣ್ಣೆ ತುಂಬುವ ಹಳೆಯ ಬಗೆಯದಾದರೆ ಎಣ್ಣೆ ಬದಲಿಸಿ ಜಾಲರಿ ತೊಳೆಯಬೇಕು. ಕಾಗದದ ಬಗೆಯದಾದರೆ ಅವಧಿಗೆ ಸರಿಯಾಗಿ ಹೊಸದು ಹಾಕಬೇಕು. ಫಿಲ್ಟರನ್ನು ತೆಗೆದೊಗೆದು ಓಡಿಸಿದರೆ ಇಂದು ಹೊಗೆ ತಗ್ಗೀತು. ಆದರೆ ಧೂಳು ಒಳಹೊಕ್ಕು ಲೈನರ್, ರಿಂಗುಗಳನ್ನು ಉಜ್ಜಿ ಮುಂದೆ ದೊಡ್ಡ ಖರ್ಚಿಗೆ ದಾರಿಯಾಗುತ್ತದೆ.

ಮೂರನೆಯದು ಗಾಳಿಯ ಮತ್ತು ಹೊಗೆಯ ದಾರಿ. ಟರ್ಬೊ ಇರುವ ಗಾಡಿಯಲ್ಲಿ ರಬ್ಬರ್ ಕೊಳವೆ ಸೀಳಿದ್ದರೆ ಒತ್ತಿದ ಗಾಳಿ ಹೊರಗೇ ಸೋರುತ್ತದೆ. ಎಕ್ಸಾಸ್ಟ್ ಬ್ರೇಕಿನ ತಟ್ಟೆ ಅರ್ಧ ಮುಚ್ಚಿದಂತೆ ಸಿಕ್ಕಿಕೊಂಡಿದ್ದರೆ ಹೊಗೆ ಹೊರಬಾರದೆ ಹೊಸ ಗಾಳಿಗೆ ಜಾಗವೇ ಸಿಗುವುದಿಲ್ಲ. ಘಟ್ಟದ ಗಾಡಿಗಳಲ್ಲಿ ಇದನ್ನು ಮರೆಯದೆ ನೋಡಬೇಕು.

ನಾಲ್ಕನೆಯದು ನಾಜಲ್. ತುದಿಯ ರಂಧ್ರಗಳು ಸವೆದರೆ ಅಥವಾ ಮಸಿ ಕಟ್ಟಿದರೆ ಡೀಸೆಲ್ ತುಂತುರಾಗದೆ ಹನಿಯಾಗಿ ಬೀಳುತ್ತದೆ, ಹನಿ ಪೂರ್ತಿ ಬೇಯುವುದಿಲ್ಲ. ಯಾವ ಸಿಲಿಂಡರಿನಲ್ಲಿ ತೊಂದರೆ ಎಂದು ತಿಳಿಯಲು ಹಳೆಯ ಮೆಕ್ಯಾನಿಕರ ಉಪಾಯವೊಂದಿದೆ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಒಂದೊಂದೇ ನಾಜಲ್ಲಿನ ಡೀಸೆಲ್ ಪೈಪಿನ ನಟ್ ಸಡಿಲಿಸುತ್ತಾರೆ. ಯಾವುದನ್ನು ಸಡಿಲಿಸಿದಾಗ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರು ಮೊದಲೇ ದುಡಿಯುತ್ತಿರಲಿಲ್ಲ ಎಂದರ್ಥ. ಇದು ಪಳಗಿದ ಕೈಯ ಕೆಲಸ. ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಹೊಗಬಲ್ಲದು, ಆದ್ದರಿಂದ ಕನ್ನಡಕ ಬೇಕು, ಬರಿಗೈ ಒಡ್ಡಬಾರದು. ಕಂಪ್ಯೂಟರ್ ನಿಯಂತ್ರಣದ ಹೊಸ ಎಂಜಿನ್‌ಗಳಲ್ಲಿ ಒತ್ತಡ ಅತಿ ಹೆಚ್ಚಾಗಿರುವುದರಿಂದ ಈ ಉಪಾಯವನ್ನು ಬಳಸಲೇಬಾರದು. ಬಿಚ್ಚಿದ ನಾಜಲ್ಲನ್ನು ಪರೀಕ್ಷಾ ಯಂತ್ರಕ್ಕೆ ಹಾಕಿ, ಆ ಎಂಜಿನ್ನಿಗೆ ತಯಾರಕರು ಹೇಳಿದ ಒತ್ತಡದಲ್ಲೇ ತೆರೆದುಕೊಳ್ಳುತ್ತದೆಯೇ, ತುಂತುರು ಸಮವಾಗಿದೆಯೇ ಎಂದು ನೋಡಬೇಕು.

ಕೊನೆಯದು ಪಂಪು ಮತ್ತು ಟೈಮಿಂಗ್. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕೋ ಕಂಪನಿಯ ಹೆಸರಿನಿಂದ ಡೀಸೆಲ್ ಪಂಪನ್ನು ಹಳಬರು ಇಂದಿಗೂ 'ಮೈಕೋ ಪಂಪು' ಎನ್ನುವುದುಂಟು. ಇದರಲ್ಲಿ ಗರಿಷ್ಠ ಡೀಸೆಲ್ಲಿನ ಮಿತಿಯನ್ನು ನಿಗದಿ ಮಾಡಿ ಸೀಲು ಹಾಕಿರುತ್ತಾರೆ. ಏರಿನಲ್ಲಿ ಎಳೆತ ಸಾಲದೆಂದು ಆ ಸೀಲು ಒಡೆದು ಡೀಸೆಲ್ ಹೆಚ್ಚಿಸುವ ರೂಢಿಯೇ ಕಪ್ಪು ಹೊಗೆಯ ಒಂದು ದೊಡ್ಡ ಮೂಲ. ಗಾಳಿ ಹೆಚ್ಚದೆ ಡೀಸೆಲ್ ಮಾತ್ರ ಹೆಚ್ಚಿದರೆ ಸಿಗುವ ಶಕ್ತಿ ಅಲ್ಪ, ಬರುವ ಮಸಿ ಅಪಾರ, ಜೊತೆಗೆ ಪಿಸ್ಟನ್ ಕರಗುವಷ್ಟು ತಾಪ. ಪಂಪನ್ನು ಕ್ಯಾಲಿಬ್ರೇಶನ್ ಯಂತ್ರದ ಮೇಲೆ ಕೂರಿಸಿ ಎಲ್ಲ ಸಿಲಿಂಡರುಗಳಿಗೂ ಸಮನಾಗಿ ಡೀಸೆಲ್ ಹೋಗುವಂತೆ ಹೊಂದಿಸಿ ಮರಳಿ ಸೀಲು ಹಾಕಬೇಕು. ಕಣ್ಣಂದಾಜಿನಲ್ಲಿ ತಿರುಪು ತಿರುಗಿಸುವುದು ದುರಸ್ತಿಯೆನಿಸದು.

ಬಿಳಿ ಹೊಗೆ

ಚಳಿಯ ಬೆಳಗಿನಲ್ಲಿ ಚಾಲೂ ಮಾಡಿದಾಗ ಕೆಲವು ನಿಮಿಷ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ಎಂಜಿನ್ ಕಾದ ಮೇಲೂ ಬಂದರೆ ಎರಡು ಸಾಧ್ಯತೆಗಳು. ಮೂಗಿಗೆ ಕಟುವಾಗಿ ಕಣ್ಣುರಿಸುವ ಬಿಳಿ ಹೊಗೆಯು ಉರಿಯದೆ ಆವಿಯಾದ ಡೀಸೆಲ್. ಟೈಮಿಂಗ್ ತಡವಾಗಿರಬಹುದು, ನಾಜಲ್ ಸೋರುತ್ತಿರಬಹುದು ಅಥವಾ ವಾಲ್ವು, ರಿಂಗು ಸವೆದು ಒತ್ತಡ ಸಾಲದೆ ಗಾಳಿ ಕಾಯದಿರಬಹುದು. ಕಣ್ಣುರಿಯಿಲ್ಲದ, ದಟ್ಟ ಹಬೆಯಂಥ ಹೊಗೆಯಾದರೆ ತಂಪಿನ ನೀರು ಸಿಲಿಂಡರಿಗೆ ಇಳಿಯುತ್ತಿದೆ. ಆಗ ರೇಡಿಯೇಟರಿನ ನೀರು ಕಾರಣವಿಲ್ಲದೆ ಇಳಿಯುತ್ತದೆ, ನೀರಿನಲ್ಲಿ ಗುಳ್ಳೆ ಏಳುತ್ತದೆ, ಎಂಜಿನ್ ಆಯಿಲ್ ಕೆನೆ ಕಲಸಿದಂತೆ ಬೆಳ್ಳಗಾಗಬಹುದು. ಹೆಡ್ ಗ್ಯಾಸ್ಕೆಟ್ ಹೋಗಿದೆ ಅಥವಾ ಹೆಡ್ ಬಿರುಕು ಬಿಟ್ಟಿದೆ ಎಂದು ತಿಳಿಯಬೇಕು. ಇಂಥ ಗಾಡಿಯನ್ನು ಘಟ್ಟ ಹತ್ತಿಸುವುದು ಅಪಾಯ. ಕಾದ ರೇಡಿಯೇಟರಿನ ಮುಚ್ಚಳ ತೆರೆಯುವುದು ಇನ್ನೂ ದೊಡ್ಡ ಅಪಾಯ.

ನೀಲಿ ಹೊಗೆ

ನೀಲಿ ಛಾಯೆಯ ಹೊಗೆಯೆಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಮೊದಲು ಅಳತೆಕಡ್ಡಿ ನೋಡಬೇಕು. ಆಯಿಲ್ ಮಿತಿಗಿಂತ ಹೆಚ್ಚು ತುಂಬಿದ್ದರೂ ನೀಲಿ ಹೊಗೆ ಬರುತ್ತದೆ. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಒಮ್ಮೆ ನೀಲಿ ಹೊಗೆ ಬಿಟ್ಟು ಸುಮ್ಮನಾದರೆ ವಾಲ್ವ್ ಗೈಡುಗಳ ಸವೆತ ಕಾರಣವಾಗಿರಬಹುದು. ಹೊರೆ ಹೊತ್ತಾಗ ಎಡೆಬಿಡದೆ ಬಂದು, ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಅಲ್ಲಿಂದಲೂ ಹೊಗೆ ಬುಸುಗುಟ್ಟಿದರೆ ರಿಂಗು, ಲೈನರುಗಳು ಸವೆದಿವೆ. ಗ್ಯಾರೇಜಿನಲ್ಲಿ ಇದನ್ನು 'ಬ್ಯಾಕ್ ಕಂಪ್ರೆಷನ್' ಎನ್ನುತ್ತಾರೆ. ಟರ್ಬೊದಿಂದ ಹೋಗುವ ಗಾಳಿಕೊಳವೆಯಲ್ಲಿ ಆಯಿಲ್ ಜಿನುಗಿದ್ದರೆ ಟರ್ಬೊದ ಸೀಲು ಹೋಗಿದೆ. ಹಾಗಿದ್ದಾಗ ಇಡೀ ಎಂಜಿನ್ ಬಿಚ್ಚುವುದು ವ್ಯರ್ಥ.

ರಿಂಗು, ಲೈನರುಗಳ ಕೆಲಸವೇ ನಿಜವಾಗಿ ದೊಡ್ಡ ಖರ್ಚು. ಇದಕ್ಕೆ ಮುಂಚೆ ಕಂಪ್ರೆಷನ್ ಅಳೆದು ಬರೆದುಕೊಳ್ಳಬೇಕು, ಬಿಚ್ಚಿದ ಮೇಲೆ ಬೋರಿನ ಸವೆತ ಅಳೆದು ಮಾಲೀಕನಿಗೆ ತೋರಿಸಬೇಕು. ಈ ಹಂತದಲ್ಲಿ ಹೊರಬರುವ ಹಳೆಯ ಆಯಿಲ್ ಇನ್ನೊಂದು ಮಾಲಿನ್ಯ. ಬಳಸಿದ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ಒಳಪಟ್ಟ ವಸ್ತು, ಅಧಿಕೃತ ಮರುಬಳಕೆದಾರರಿಗೇ ಹೋಗಬೇಕಾದದ್ದು. ಅದನ್ನು ಚರಂಡಿಗೆ, ಹಳ್ಳಕ್ಕೆ ಸುರಿದರೆ ಗಾಳಿ ಉಳಿಸಲು ಹೋಗಿ ನೀರು ಕೆಡಿಸಿದಂತಾಗುತ್ತದೆ.

ಇಂಧನದ ಬಗೆಗೂ ಒಂದು ಎಚ್ಚರ ಅಗತ್ಯ. ಅಗ್ಗವೆಂದು ಸೀಮೆಎಣ್ಣೆ ಬೆರೆಸಿದರೆ ಪಂಪಿನ ಸೂಕ್ಷ್ಮ ಭಾಗಗಳಿಗೆ ಜಾರುವಿಕೆ ಸಾಲದೆ ಅವು ಸವೆಯುತ್ತವೆ. ಹೊಂಗೆಯ ಎಣ್ಣೆಯನ್ನು ಗಾಣದಿಂದ ತಂದು ನೇರವಾಗಿ ಟ್ಯಾಂಕಿಗೆ ಸುರಿಯುವುದೂ ಸಲ್ಲದು. ಅದರ ದಪ್ಪದಿಂದ ತುಂತುರು ಕೆಟ್ಟು ನಾಜಲ್ಲಿಗೆ ಮಸಿ ಕಟ್ಟುತ್ತದೆ. ಸಂಸ್ಕರಿಸಿದ ಜೈವಿಕ ಡೀಸೆಲ್ ಬೇರೆ. ಅದರಲ್ಲಿ ಆಮ್ಲಜನಕ ಇರುವುದರಿಂದ ಮಸಿ ಕಡಿಮೆಯಾಗುತ್ತದೆ. ಆದರೆ ಹಳೆಯ ಟ್ಯಾಂಕಿನ ಕೊಳೆಯನ್ನು ಅದು ಸಡಿಲಿಸುವುದರಿಂದ ಆರಂಭದಲ್ಲಿ ಡೀಸೆಲ್ ಫಿಲ್ಟರನ್ನು ಬೇಗ ಬೇಗ ಬದಲಿಸಬೇಕಾಗುತ್ತದೆ, ಹಳೆಯ ರಬ್ಬರ್ ಕೊಳವೆಗಳು ಮೆತ್ತಗಾಗುವುದೂ ಉಂಟು.

ಪ್ರಮಾಣಪತ್ರ ಕಾಣದ ಹೊಗೆ

ಇಷ್ಟೆಲ್ಲ ಲಕ್ಷಣಗಳನ್ನು ಈಗಿನ ತಪಾಸಣೆ ಕಾಣುವುದೇ? ಡೀಸೆಲ್ ವಾಹನದ ಹೊಗೆ ತಪಾಸಣೆ ಗಾಡಿ ನಿಂತಲ್ಲೇ ನಡೆಯುತ್ತದೆ. ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಹೊಗೆಯು ಬೆಳಕನ್ನು ಎಷ್ಟು ತಡೆಯಿತು ಎಂದು ಯಂತ್ರ ಅಳೆಯುತ್ತದೆ. ಭಾರತ್ ಹಂತ 4ಕ್ಕಿಂತ ಹಿಂದಿನ ಗಾಡಿಗಳಿಗೆ 65 ಹಾರ್ಟ್‌ರಿಜ್, ಹಂತ 4ರವಕ್ಕೆ 50 ಹಾರ್ಟ್‌ರಿಜ್ ಮಿತಿ. ಪರೀಕ್ಷೆ ಸರಳ, ಅಗ್ಗ. ಕಪ್ಪು ಹೊಗೆಯ ಮಟ್ಟಿಗೆ ಉಪಯುಕ್ತವೂ ಹೌದು.

ಆದರೆ ಅದು ಹೊರೆ ಹೊತ್ತ ಗಾಡಿಯನ್ನು ನೋಡುವುದಿಲ್ಲ. ಅರಬೈಲಿನ ತಿರುವಿನಲ್ಲಿ ಎರಡನೆಯ ಗೇರಿನಲ್ಲಿ ಏರುವ ಎಂಜಿನ್ನಿನ ಸ್ಥಿತಿ ಬೇರೆ, ತಪಾಸಣಾ ಕೇಂದ್ರದ ಮುಂದೆ ಖಾಲಿ ನಿಂತ ಎಂಜಿನ್ನಿನ ಸ್ಥಿತಿ ಬೇರೆ. ಕಣ್ಣಿಗೆ ಕಾಣದ ಸಾರಜನಕದ ಆಕ್ಸೈಡುಗಳನ್ನೂ ಅದು ಅಳೆಯುವುದಿಲ್ಲ. ಅವು ಬಿಸಿಲಿನಲ್ಲಿ ಬೇರೆ ಅನಿಲಗಳೊಡನೆ ಕೂಡಿ ನೆಲಮಟ್ಟದ ಓಝೋನ್ ಆಗುತ್ತವೆ. ಓಝೋನ್ ಎಲೆಯ ರಂಧ್ರಗಳ ಮೂಲಕ ಒಳಹೊಕ್ಕು ಬೆಳೆಯ ಇಳುವರಿಯನ್ನು ತಗ್ಗಿಸುತ್ತದೆ. ಇನ್ನೊಂದು ಲೋಪವೂ ಇದೆ. ತಪಾಸಣೆಯ ದಿನ ಪಂಪಿನ ಡೀಸೆಲ್ ಇಳಿಸಿ, ಪತ್ರ ಕೈಗೆ ಬಂದ ಮೇಲೆ ಏರಿಸಿಕೊಳ್ಳುವ ಗಾಡಿಯನ್ನು ಯಾವ ಯಂತ್ರವೂ ಹಿಡಿಯಲಾರದು. ಪತ್ರವು ಆ ದಿನದ ಆ ನಿಮಿಷದ ಸಾಕ್ಷಿ ಮಾತ್ರ. ಎಂಜಿನ್ನಿನ ಆರೋಗ್ಯಕ್ಕೆ ಅದು ಹೊಣೆಯಲ್ಲ.

ಕಾನೂನಿನ ಹಂತಗಳು ಮುಂದೆ ಸಾಗಿವೆ. 2017ರ ಏಪ್ರಿಲ್‌ನಿಂದ ಭಾರತ್ ಹಂತ 4, 2020ರ ಏಪ್ರಿಲ್‌ನಿಂದ ಹಂತ 6 ದೇಶಕ್ಕೆಲ್ಲ ಅನ್ವಯವಾಗಿವೆ. ಹಂತ 3ರಲ್ಲಿ ಹತ್ತು ಲಕ್ಷ ಭಾಗಕ್ಕೆ 350 ಭಾಗ ಇರಬಹುದಾಗಿದ್ದ ಡೀಸೆಲ್ಲಿನ ಗಂಧಕ ಈಗ 10ಕ್ಕೆ ಇಳಿದಿದೆ. ಹೊಸ ಡೀಸೆಲ್ಲಿನ ಈ ಲಾಭ ಹಳೆಯ ಗಾಡಿಗೂ ಸಿಗುತ್ತದೆ. ಆದರೆ ಕೆಟ್ಟ ನಾಜಲ್ಲಿನ ಮಸಿಯನ್ನು ಒಳ್ಳೆಯ ಡೀಸೆಲ್ ಕೂಡ ತಡೆಯಲಾರದು.

ಹೊರೆ ಯಾರ ಹೆಗಲ ಮೇಲೆ?

ದುರಸ್ತಿಯ ಖರ್ಚನ್ನು ಮಾತ್ರ ನೋಡುವವರು ಹೊಗೆಯ ಖರ್ಚನ್ನು ಮರೆಯುತ್ತಾರೆ. ದಿನಕ್ಕೆ 100 ಕಿಲೋಮೀಟರಿನಂತೆ ವರ್ಷಕ್ಕೆ 250 ದಿನ ಓಡುವ ಲಾರಿಯೊಂದನ್ನು ಎಣಿಸಿಕೊಳ್ಳಬಹುದು. ಲೀಟರಿಗೆ 4 ಕಿಲೋಮೀಟರ್ ಕೊಡಬೇಕಾದ ಗಾಡಿ ಮೂರೂವರೆಗೆ ಇಳಿದರೆ ವರ್ಷಕ್ಕೆ ಸುಮಾರು 890 ಲೀಟರ್ ಡೀಸೆಲ್ ಹೆಚ್ಚು ಬೇಕು. ಲೀಟರಿಗೆ 90 ರೂಪಾಯಿ ಹಿಡಿದರೆ ಅದು 80,000 ರೂಪಾಯಿ. ಡೀಸೆಲ್ ಲೀಟರಿಗೆ ಸುಮಾರು 2.65 ಕಿಲೋ ಇಂಗಾಲದ ಡೈಆಕ್ಸೈಡ್ ಬರುವುದರಿಂದ ವಾತಾವರಣಕ್ಕೆ 2.3 ಟನ್ನಿಗೂ ಹೆಚ್ಚು ಹೊರೆ. ಏರ್ ಫಿಲ್ಟರ್, ನಾಜಲ್, ಪಂಪಿನ ಕೆಲಸವನ್ನು ಈ ನಷ್ಟದ ಎದುರಿಗಿಟ್ಟು ತೂಗಬೇಕು. ಕಪ್ಪು ಹೊಗೆಯ ಪ್ರತಿ ಮುಗಿಲೂ ಮಾಲೀಕ ದುಡ್ಡು ಕೊಟ್ಟು ತುಂಬಿಸಿದ ಡೀಸೆಲ್ಲೇ.

ಹಾಗಾದರೆ ಮಾಲೀಕ ಏಕೆ ದುರಸ್ತಿ ಮಾಡಿಸುವುದಿಲ್ಲ? ಒಂದೇ ಲಾರಿಯ ಮಾಲೀಕನೇ ಚಾಲಕನೂ ಆಗಿರುವಲ್ಲಿ ಗಾಡಿ ಮೂರು ದಿನ ನಿಂತರೆ ಮನೆಯ ಒಲೆ ನಿಲ್ಲುತ್ತದೆ. ಬಾಡಿಗೆಯ ದರವನ್ನು ನಿರ್ಧರಿಸುವವನು ಆತನಲ್ಲ, ಸರಕಿನ ಒಡೆಯ. ಟನ್ನಿನ ಲೆಕ್ಕದಲ್ಲಿ ಕಡಿಮೆ ಬಾಡಿಗೆ ಕೊಟ್ಟು ಹೆಚ್ಚು ಹೊರಿಸುವವರು ಪಂಪಿನ ಸೀಲು ಒಡೆಯಲು ಪರೋಕ್ಷವಾಗಿ ಒತ್ತಾಯಿಸುತ್ತಾರೆ. ದಂಡದ ರಸೀದಿ ಮಾತ್ರ ಚಾಲಕನ ಹೆಸರಿಗೆ ಬರುತ್ತದೆ. ಆದ್ದರಿಂದ ಹೊಗೆಯ ಪ್ರಶ್ನೆಯನ್ನು ಹೊರೆಯ ಪ್ರಶ್ನೆಯಿಂದ ಬೇರ್ಪಡಿಸಿ ನೋಡುವ ಹೋರಾಟ ನ್ಯಾಯದ ಹೋರಾಟವಾಗಲಾರದು.

ಇದರರ್ಥ ಎಲ್ಲ ಹಳೆಯ ಲಾರಿಗಳನ್ನೂ ಉಳಿಸಬೇಕೆಂದಲ್ಲ. ಬ್ಲಾಕ್ ಬಿರುಕು ಬಿಟ್ಟ, ಚಾಸಿ ತುಕ್ಕು ಹಿಡಿದ, ಬ್ರೇಕಿಗೆ ಭರವಸೆಯಿಲ್ಲದ ಗಾಡಿ ಘಟ್ಟಕ್ಕೆ ಬರಬಾರದು. ಅಂಥದು ಗುಜರಿಗೆ ಹೋಗುವುದೇ ಸರಿ. ಎಷ್ಟೇ ಚೆನ್ನಾಗಿ ದುರಸ್ತಿ ಮಾಡಿದರೂ ಹಳೆಯ ಎಂಜಿನ್ ಹಂತ 6ರ ಎಂಜಿನ್ನಿನಷ್ಟು ಶುದ್ಧವಾಗುವುದಿಲ್ಲ ಎಂಬುದನ್ನೂ ಒಪ್ಪಬೇಕು. ಆದರೆ ಎಲ್ಲ ಹಳೆಯ ಗಾಡಿಗಳೂ ಒಂದೇ ದಿನ ಮಾಯವಾಗುವುದಿಲ್ಲ. ಅವು ಇರುವಷ್ಟು ಕಾಲ ಉಸಿರಾಡುವವರಿಗೆ ನಾಳೆಯ ಹೊಸ ಲಾರಿಯ ಭರವಸೆ ಸಾಲದು, ಇಂದಿನ ಲಾರಿಯ ದುರಸ್ತಿ ಬೇಕು.

ಆಗಬೇಕಾದದ್ದೇನು

ಮೊದಲನೆಯದಾಗಿ, ಹೊಗೆ ತಪಾಸಣೆಯಲ್ಲಿ ನಪಾಸಾದ ಲಾರಿಗೆ ದಂಡದ ಜೊತೆಗೆ ನಿದಾನದ ಚೀಟಿ ಸಿಗಬೇಕು. ಹೊಗೆಯ ಬಣ್ಣ, ಸಂಶಯದ ಭಾಗ, ದುರಸ್ತಿಗೆ ಕಾಲಾವಕಾಶ ಅದರಲ್ಲಿರಬೇಕು. ಎರಡನೆಯದಾಗಿ, ಪಂಪಿನ ಸೀಲು ತಪಾಸಣೆಯ ಭಾಗವಾಗಬೇಕು. ಸೀಲು ಹಾಕಿದ ಕಾರ್ಯಾಗಾರದ ಗುರುತು ಚೀಟಿಯಲ್ಲಿರಬೇಕು. ಮೂರನೆಯದಾಗಿ, ಹೆಚ್ಚು ಹೊರೆಗೆ ಸರಕಿನ ಒಡೆಯನೂ ಹೊಣೆಯಾಗಬೇಕು. ತೂಕದ ತಪಾಸಣೆ ಘಟ್ಟದ ಬುಡದಲ್ಲಿ ಮಾತ್ರವಲ್ಲದೆ ಕ್ವಾರಿ, ಗೋದಾಮುಗಳ ಬಾಗಿಲಲ್ಲೂ ನಡೆಯಬೇಕು. ನಾಲ್ಕನೆಯದಾಗಿ, ಶುದ್ಧ ಗಾಳಿ ಕಾರ್ಯಕ್ರಮದ ಹಣದಲ್ಲಿ ರಸ್ತೆ ಗುಡಿಸುವ ಯಂತ್ರಗಳ ಜೊತೆಗೆ ನಾಜಲ್ ಪರೀಕ್ಷೆ, ಪಂಪ್ ಕ್ಯಾಲಿಬ್ರೇಶನ್ನಿನ ಸಾರ್ವಜನಿಕ ಸೌಲಭ್ಯಕ್ಕೂ ಪಾಲು ಸಿಗಬೇಕು.

ಹುಬ್ಬಳ್ಳಿ-ಧಾರವಾಡದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಕೈಗಾರಿಕಾ ತರಬೇತಿ ಸಂಸ್ಥೆಗಳಿವೆ, ಕೃಷಿ ವಿಶ್ವವಿದ್ಯಾಲಯವಿದೆ. ಅಲ್ಲಿಯ ವಿದ್ಯಾರ್ಥಿಗಳು ಘಟ್ಟದ ರಸ್ತೆಯ ಒಂದೆಡೆ ಒಂದು ವಾರ ನಿಂತು ಏರುವ ಲಾರಿಗಳ ಹೊಗೆಯ ಬಣ್ಣವನ್ನು ದಾಖಲಿಸಿದರೂ ಸಾಕು. ಎಷ್ಟು ಗಾಡಿಗಳಿಗೆ ಫಿಲ್ಟರ್ ಮಾತ್ರ ಬೇಕು, ಎಷ್ಟಕ್ಕೆ ಪಂಪಿನ ಕೆಲಸ ಬೇಕು, ಎಷ್ಟು ರಸ್ತೆಯಿಂದಲೇ ಇಳಿಯಬೇಕು ಎಂಬುದರ ಅಂದಾಜು ಹೊರಬೀಳುತ್ತದೆ. ಗ್ರಾಮಸಭೆಯಲ್ಲಿ 'ಹೊಗೆ ಜಾಸ್ತಿಯಾಗಿದೆ' ಎಂಬ ದೂರಿಗೆ ಸಿಗದ ಕಿವಿ ಇಂಥ ಪಟ್ಟಿಗೆ ಸಿಗುತ್ತದೆ. ಕ್ವಾರಿಯ ಗುತ್ತಿಗೆ ಕೊಡುವಾಗ, ಗ್ರಾಮ ಪಂಚಾಯಿತಿ ತನ್ನ ಕಾಮಗಾರಿಗೆ ಜಲ್ಲಿ ತರಿಸುವಾಗ ಸುಸ್ಥಿತಿಯ ಗಾಡಿ, ಮಿತಿಯ ಹೊರೆ ಎಂಬ ಷರತ್ತನ್ನು ಅದೇ ಪಟ್ಟಿಯ ಆಧಾರದಲ್ಲಿ ಬರೆಸಬಹುದು. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಮುಂದಿನ ಗ್ರಾಮಸಭೆಯ ಒಂದು ಠರಾವು ಸಾಕು.